ಕೊಟ್ರಬಸಮ್ಮನ ಫೋಟೊ

ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಯಿಂದ ಇಳಿಸಿ ಪಕ್ಕಕ್ಕಿಡಬೇಕು ಎನ್ನುವ ಹುಚ್ಚು ಕೀರ್ತನಾಳಿಗೆ ಯಾವಾಗ ಹತ್ತಿತೋ ಆ ಮೈಲಾರಲಿಂಗನೇ ಬಲ್ಲ. ಕೂಡ್ಲಿಗಿಯ ಒಂದು ಸ್ಟುಡಿಯೋದಲ್ಲಿ ಅವಳಿಗೆ ಕೆಲಸ. ದಿನವಿಡೀ ಪಾಸ್‌ಪೋರ್ಟ್ ಸೈಜಿನ ಫೋಟೊ, ಆಧಾರ್ ಜೆರಾಕ್ಸ್, ಸೀಸನ್ನಿನಲ್ಲಿ ಮದುವೆ. ಮದುವೆಯಲ್ಲಿ ಮಾಲೀಕ ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಕೂರಿಸಿ ಎದುರಿಗೇ ಛಟ್ ಎನ್ನಿಸುತ್ತಿದ್ದ. ಮದುಮಗಳ ಮುಖಕ್ಕೆ ಸುಣ್ಣ ಬಳಿದಂತಾಗುತ್ತಿತ್ತು. ಮೂಗಿಲ್ಲ, ಕೆನ್ನೆಯಿಲ್ಲ, ಬರೀ ಬೆಳ್ಳನೆಯ ತಟ್ಟೆ. ನೋಡಿ ನೋಡಿ ಕೀರ್ತನಾಳ ಹೊಟ್ಟೆ ಉರಿಯುತ್ತಿತ್ತು. ಬೆಳಕು ಪಕ್ಕದಿಂದ ಬಿದ್ದರೆ ಮುಖಕ್ಕೆ ಮೂಗು ಬರುತ್ತದೆ, ಕಣ್ಣಿಗೆ ಆಳ ಬರುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತಿದ್ದಳು. ಆದರೆ ಮಾಡಿ ನೋಡಲು ಸಾಮಾನು ಬೇಕಲ್ಲ! ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಈ ಹುಡುಗಿಗೆ ಹಾಸಿಗೆಯೇ ಇರಲಿಲ್ಲ, ಕಾಲು ಮಾತ್ರ ಉದ್ದ.

ಹಾಗಾಗಿ ಒಂದೊಂದೇ ಕೂಡಿಸಿದಳು. ಸ್ಟುಡಿಯೋದ ಮೂಲೆಯಲ್ಲಿ ಬಿದ್ದಿದ್ದ ರೀಲಿನ ಕಾಲದ ಫ್ಲ್ಯಾಶನ್ನು ಮಾಲೀಕ, "ಒಯ್ಯವ್ವ, ಜಾಗಾನಾರ ಖಾಲಿ ಆಗ್ಲಿ" ಎಂದು ಕೊಟ್ಟುಬಿಟ್ಟ, ಜೊತೆಗೆ ತನ್ನ ಹಳೆಯ ಡಿಜಿಟಲ್ ಕ್ಯಾಮೆರಾವನ್ನೂ. ವೈರಿಲ್ಲದೆ ಫ್ಲ್ಯಾಶನ್ನು ದೂರದಿಂದಲೇ ಹೊತ್ತಿಸುವ ಟ್ರಿಗರ್ ಎಂಬ ಬೆಂಕಿಪೊಟ್ಟಣದಷ್ಟೇ ಇರುವ ಜೋಡಿ ಡಬ್ಬಿಗಳನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದಳು. ಸ್ಟ್ಯಾಂಡಿಗೆ ಕುರಿಹಟ್ಟಿಯ ಬಲೆ ಕಟ್ಟುವ ಗಳ. ಬೆಳಕನ್ನು ಮೆತ್ತಗೆ ಮಾಡಲು ಅಪ್ಪನ ಹಳೇ ಬಿಳಿ ಧೋತರ. ಲೆನ್ಸು ಮಾತ್ರ ಕೊಟ್ಟೂರಿನಿಂದ ಬಂತು. ಅಲ್ಲಿ ಹಿಂದೆ ಸ್ಟುಡಿಯೋ ನಡೆಸಿ, ಈಗ ಅದೇ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುವ ಗುರುಸಂಗಪ್ಪ ಎಂಬ ಹಿರಿಯರು ಗುಂಡುಕಲ್ಲಿನಂತೆ ಭಾರವಾದ ರಷ್ಯಾದ ಲೆನ್ಸೊಂದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು.

"ಇದರಾಗ ಫೋಕಸ್ಸು ತಾನಾಗೇ ಆಗಂಗಿಲ್ಲವ್ವ, ಕೈಲೇ ತಿರುವಬೇಕು. ಒಳಗ ಬೂಷ್ಟು ಹಿಡದೈತಿ, ಚಿತ್ರ ಮಂಜ್ ಮಂಜ್ ಬರ್ತಾವ" ಎಂದರು.

"ಬರ್ಲಿ ಬಿಡ್ರಿ ಅಜ್ಜಾರ. ಮಂಜು ನೋಡಾಕ ಊಟಿಗೆ ಹೋಗೋದು ತಪ್ತು" ಎಂದು ನಕ್ಕು ಚೀಲಕ್ಕೆ ಹಾಕಿಕೊಂಡಳು.

ಸಾಮಾನು ಕೂಡಿತು, ಎದುರಿಗೆ ಕೂರುವವರು ಬೇಕಲ್ಲ? ಅವಳ ಊರಾದ ಗುಡೇಕೋಟೆಯ ಮನೆಯಲ್ಲಿ ಇದ್ದವರು ಮೂರೇ ಜನ. ಅಪ್ಪ ಪಾಲಾಕ್ಷಪ್ಪ ಬೆಳಗಾದರೆ ಕುರಿ ಹಿಂದೆ ಗುಡ್ಡ ಹತ್ತುವವನು, ಮಾತು ತೂಕ ಹಾಕಿ ಆಡುವವನು. ಅವನ ಅಕ್ಕ ದ್ಯಾಮಕ್ಕ, ಕೀರ್ತನಾಳ ಸೋದರತ್ತೆ, ಮಾತನ್ನು ಮೂಟೆಗಟ್ಟಲೆ ಸುರಿಯುವವಳು. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದು ಈ ಹುಡುಗಿಯನ್ನು ಸಾಕಿದವಳು. ಅವಳನ್ನು ಕೂರಿಸಿದರೆ ಫ್ಲ್ಯಾಶ್ ಹೊತ್ತುವ ಮೊದಲೇ ಕಣ್ಣು ಮುಚ್ಚಿಕೊಂಡು, "ಮುಗೀತೇನ ನಿನ್ನ ಸಿಡ್ಲು?" ಎನ್ನುತ್ತಿದ್ದಳು. ಕೊನೆಗೆ ಕೀರ್ತನಾ ತನ್ನನ್ನೇ ತಾನು ತೆಗೆದುಕೊಳ್ಳುವುದೆಂದು ತೀರ್ಮಾನಿಸಿದಳು.

ಇಲ್ಲಿ ಅವಳ ಅವ್ವನ ವಿಷಯ ಹೇಳಬೇಕು. ಕೀರ್ತನಾ ಅಂಬೆಗಾಲಿಡುವಾಗಲೇ ಅವ್ವ ಕೊಟ್ರಬಸಮ್ಮ ಕಾಮಾಲೆಯಾಗಿ ಹೋಗಿಬಿಟ್ಟಿದ್ದಳು. ಅವಳದೊಂದೂ ಫೋಟೊ ಇರಲಿಲ್ಲ. ಮದುವೆ ನಡೆದದ್ದು ಗುಡಿಯಲ್ಲಿ, ಫೋಟೊದವನಿಲ್ಲದೆ. ಓಟಿನ ಗುರುತಿನ ಚೀಟಿಗೆ ಫೋಟೊ ತೆಗೆಯುವವರು ಊರಿಗೆ ಬಂದ ದಿನ ಅವಳು ಕುರಿಯೊಂದಿಗೆ ಗುಡ್ಡದಲ್ಲಿದ್ದಳು. ಹಿರೇರ ಹಬ್ಬಕ್ಕೆ, ಅಂದರೆ ಮಹಾಲಯ ಅಮಾವಾಸ್ಯೆಗೆ, ಎಲ್ಲರ ಮನೆಯಲ್ಲೂ ಸತ್ತ ಹಿರಿಯರ ಫೋಟೊ ಮುಂದೆ ಹೊಸ ಬಟ್ಟೆ ಇಟ್ಟು ಎಡೆ ಹಾಕಿದರೆ ಇವರ ಮನೆಯಲ್ಲಿ ಒಂದು ಹಿತ್ತಾಳೆ ತಂಬಿಗೆ. ತಂಬಿಗೆಗೆ ಕುಂಕುಮ, ತಂಬಿಗೆಗೆ ಸೀರೆ. ಚಿಕ್ಕವಳಿದ್ದಾಗ ಕೀರ್ತನಾ ತನ್ನ ಅವ್ವ ಅಂದರೆ ತಂಬಿಗೆಯೇ ಅಂದುಕೊಂಡಿದ್ದಳು, ಪಾಪ.

"ಅವ್ವ ಹೆಂಗಿದ್ಲತ್ತಿ?" ಎಂದು ಕೇಳುತ್ತಲೇ ಬೆಳೆದಳು. ದ್ಯಾಮಕ್ಕ ಬೇಸರವಿಲ್ಲದೆ ಹೇಳುತ್ತಿದ್ದಳು: "ಮ್ಯಾಲಿನ ಹಲ್ಲೊಂದು ಉಬ್ಬು. ನಗೋ ಮುಂದ ಸೆರಗು ಅಡ್ಡ ಹಿಡೀತಿದ್ಲು. ಹಣಿ ಅಗಲ. ಕರ್ರಗ ಇದ್ರೂ ಲಕ್ಷಣವಂತಿ."

"ನನ್ನಂಗ?"

"ನಿನ್ನಂಗ ಅಂದ್ರ ನಿನ್ನಂಗ! ನೀನೇನು, ನಿಮ್ಮವ್ವನ್ನ ಎರಕ ಹೊಯ್ದಂಗ ಅದಿ."

ಊರಿನವರೂ ಅದನ್ನೇ ಹೇಳುತ್ತಿದ್ದರು. ಅಪ್ಪ ಮಾತ್ರ ಹೆಂಡತಿಯ ಮಾತೆತ್ತಿದರೆ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದ. ಅವ್ವನ ಮುಖವನ್ನು ಒಂದೇ ಒಂದು ಸಲ ನೋಡಬೇಕು. ಈ ಲೋಕದಲ್ಲಿ ಕೀರ್ತನಾಳಿಗೆ ಬೇಕಾಗಿದ್ದದ್ದು ಅದೊಂದೇ. ಆ ಮುಖ ಅಪ್ಪನ ತಲೆಯಲ್ಲಿತ್ತು, ಅತ್ತೆಯ ತಲೆಯಲ್ಲಿತ್ತು. ತಲೆಯೊಳಗಿನದನ್ನು ತೆಗೆಯುವ ಕ್ಯಾಮೆರಾ ಎಲ್ಲಿದೆ?

ಹಬ್ಬಕ್ಕೆ ಎರಡು ದಿನ ಮುಂಚೆ ಅವಳು ಆ ತಪ್ಪು ಮಾಡಿದಳು. ಅವ್ವನಿಗೆ ಇಡಲೆಂದು ದ್ಯಾಮಕ್ಕ ಸಂತೆಯಲ್ಲಿ ಕೊಂಡ ಸೀರೆ ಗೋಡೆಯ ನಾಗೊಂದಿಗೆಯ ಹಲಗೆಯ ಮೇಲಿತ್ತು. ಹಿರೇರ ಸೀರೆಯನ್ನು ಹಿರಿಯರಿಗೆ ಇಟ್ಟ ಮೇಲೆ ಮನೆಯ ಹೆಣ್ಣುಮಕ್ಕಳು ಉಡಬಹುದು. ಅದಕ್ಕೆ ಮೊದಲು ಮಡಿಕೆ ಬಿಚ್ಚಲೂಬಾರದು. ಆದರೆ ಮನೆಯಲ್ಲಿ ಇದ್ದ ಹೊಸ ಸೀರೆ ಅದೊಂದೇ, ಅಗಲ ದಡಿಯ ಮೇಲೆ ಪಕ್ಕದ ಬೆಳಕು ಬಿದ್ದರೆ ಹೇಗೆ ಕಾಣುತ್ತದೆ ಎಂಬ ಚಪಲ ಬೇರೆ. ಅಪ್ಪ ಗುಡ್ಡಕ್ಕೆ, ಅತ್ತೆ ಹಿಟ್ಟು ಬೀಸಿಸಲು ಗಿರಣಿಗೆ ಹೋದ ಹೊತ್ತು ನೋಡಿ ಸೀರೆ ಉಟ್ಟಳು, ಕುಂಕುಮ ಇಟ್ಟಳು, ಅತ್ತೆಯಂತೆ ತಲೆಯ ಮೇಲೆ ಸೆರಗು ಹೊದ್ದಳು. ಪಡಸಾಲೆಯ ಸುಣ್ಣದ ಗೋಡೆಗೆ ಸ್ಟೂಲು ಹಾಕಿ, ಬಲಗಡೆ ಗಳಕ್ಕೆ ಫ್ಲ್ಯಾಶ್ ಕಟ್ಟಿ, ಅದರ ಮುಂದೆ ಧೋತರ ಇಳಿಬಿಟ್ಟಳು. ಫೋಕಸ್ಸು ಕೈಯಲ್ಲೇ ತಿರುವಬೇಕು, ಎದುರಿಗೆ ಕೂತವಳೂ ತಾನೇ. ಅದಕ್ಕೆ ಲೆನ್ಸಿನಿಂದ ತನ್ನ ಮೂಗಿನವರೆಗೆ ದಾರ ಎಳೆದು ಅಳತೆ ಹಿಡಿದಳು. ಟೈಮರ್ ಒತ್ತಿ ಓಡಿ ಬಂದು ಕೂತು ದಾರಕ್ಕೆ ಮೂಗು ತಾಗಿಸಿ, ದಾರ ಎಸೆದು, ಉಸಿರು ಹಿಡಿದಳು.

ಹತ್ತಾರು ಕೆಟ್ಟವು. ಒಂದು ಬಂತು. ಕಿವಿಯ ಓಲೆ ಸ್ಪಷ್ಟವಾಗಿ ಮೂಡಿತ್ತು, ಮುಖ ಕೊಂಚ ಮಸುಕು, ಕಣ್ಣು ಇನ್ನೂ ಮಸುಕು. ಬೂಷ್ಟು ಹಿಡಿದ ಗಾಜು ಹಣೆಯ ಸುತ್ತ ಬೆಳಕನ್ನು ಹರಡಿತ್ತು. ಕಪ್ಪು ಬಿಳುಪು ಮಾಡಿ ನೋಡಿದಾಗ ಕೀರ್ತನಾಳ ಮೈ ಜುಮ್ಮೆಂದಿತು. ತೆರೆಯ ಮೇಲಿದ್ದವಳು ತಾನಲ್ಲ. ಯಾವಳೋ ತೀರಿಹೋದವಳು.

ಸೀರೆಯನ್ನು ಮೊದಲಿನ ಮಡಿಕೆ ತಪ್ಪದಂತೆ ಮಡಚಿಟ್ಟಳು. ಮರುದಿನ ಸ್ಟುಡಿಯೋದಲ್ಲಿ ಒಂದು ಪ್ರಿಂಟು ಹಾಕಿ ತಂದು ಗೋಡೆಯ ಗೂಡಿನಲ್ಲಿಟ್ಟು ಮಲಗಿದಳು. ಹಬ್ಬದ ದಿನ ಬೆಳಗ್ಗೆ ಎದ್ದು ಬಂದರೆ ಅಪ್ಪ ಗೂಡಿನ ಮುಂದೆ ನಿಂತಿದ್ದ. ಪ್ರಿಂಟು ಅವನ ಕೈಯಲ್ಲಿತ್ತು.

"ಕೊಟ್ರೀ" ಎಂದ. ಆಮೇಲೆ ಮಗಳ ಕಡೆ ತಿರುಗಿ, "ಎಲ್ಲಿ ಸಿಕ್ತವ್ವ ಇದು? ಯಾರ ಕೊಟ್ರು?" ಎಂದ.

ಅದು ನಾನು ಅಪ್ಪಾ, ಅನ್ನಬೇಕಿತ್ತು. ಮೂರು ಮಾತು, ಅಷ್ಟೇ. ಆದರೆ ಅಪ್ಪ ಅಳುತ್ತಿದ್ದ. ಅಳುತ್ತಲೇ ಅವಳ ತಲೆಯ ಮೇಲೆ ಕೈಯಿಟ್ಟ, "ನನ್ನ ತಾಯಿ, ಹುಡುಕಿ ತಂದೀಯಲ್ಲ" ಎಂದ. ಹುಟ್ಟಿದಾಗಿನಿಂದ ಆ ಕೈಗಾಗಿ ಕಾದಿದ್ದ ಹುಡುಗಿ ಬಾಯಿ ಬಿಡಲಿಲ್ಲ. ನೀವಾದರೂ ಬಿಡುತ್ತಿರಲಿಲ್ಲ ಬಿಡಿ.

ದ್ಯಾಮಕ್ಕನಿಗೆ ಮಾತ್ರ ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಅಡುಗೆಮನೆಗೆ ಎಳೆದುಕೊಂಡು ಹೋಗಿ ಕಿವಿ ಹಿಂಡಿದಳು. "ಹೋದ ವಾರ ನಾ ಸಂತ್ಯಾಗ ಚೌಕಾಸಿ ಮಾಡಿ ತಂದ ಸೀರಿ ಉಟ್ಕೊಂಡು, ಇಪ್ಪತ್ತು ವರ್ಷದ ಹಿಂದ ಸತ್ತಾಕಿ ಫೋಟೊ ತೆಗಿಸ್ಕೊಂಡ್ಲೇನಲೇ? ಇಡೋ ಸೀರಿ ಉಟ್ಟು ಮೈಲಿಗಿ ಮಾಡೀಯಲ್ಲ, ಹುಚ್ಚಮುಂಡಿ!"

"ಹೇಳಿಬಿಡ್ಲೇನತ್ತಿ?"

ದ್ಯಾಮಕ್ಕ ಬಾಗಿಲಿನಿಂದ ಇಣುಕಿ ತಮ್ಮನನ್ನು ನೋಡಿದಳು. ಅವನು ಪ್ರಿಂಟನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಅವಳ ಸಿಟ್ಟು ಇಳಿದುಹೋಯಿತು. "ಬ್ಯಾಡ. ಇಷ್ಟು ದಿನಕ್ಕ ಒಮ್ಮಿ ಅತ್ತಾನ. ಇರ್ಲಿ ಬಿಡು" ಎಂದಳು.

ಹೀಗೆ ಬದುಕಿರುವ ಹುಡುಗಿಯ ಫೋಟೊಕ್ಕೆ ಅವತ್ತೇ ಗಾಜು, ಕಟ್ಟು ಬಂತು, ಹಾರ ಬಿತ್ತು. ಗಾಜಿನ ಮೇಲೆ ಅಪ್ಪ ಕುಂಕುಮ ಒತ್ತಿದಾಗ ಕೀರ್ತನಾಳಿಗೆ ತನ್ನ ಹಣೆಯ ಮೇಲೆ ತಣ್ಣಗೆ ಬೆರಳು ಆಡಿದಂತಾಗಿ ಒರೆಸಿಕೊಂಡಳು. ಎಡೆಯ ಹೋಳಿಗೆಯನ್ನು ಮುಟ್ಟದೆ ಅತ್ತೆಯ ಎಲೆಗೆ ಹಾಕಿದಳು. ತಂಬಿಗೆ ಬಚ್ಚಲಿಗೆ ಹೋಯಿತು.

ಅಪ್ಪನಿಗೆ ಮಾತು ಬಂತು. ಅದು ಮಗಳ ಜೊತೆಗಲ್ಲ, ಗೋಡೆಯ ಜೊತೆಗೆ. ದಿನಾ ಬೆಳಗ್ಗೆ ಕಂಬಳಿ ಹೆಗಲಿಗೇರಿಸುವ ಮುಂಚೆ ಫೋಟೊದ ಮುಂದೆ ನಿಂತು, "ಕೊಟ್ರಿ, ಕರಿ ಟಗರಿಗೆ ಕಾಲುಬ್ಯಾನಿ ನೋಡು" ಎನ್ನುವನು. "ಮಳಿ ಕೈಕೊಡ್ತು" ಎನ್ನುವನು. "ಮಗಳು ದೊಡ್ಡಾಕಿ ಆದ್ಲು, ನಿನ್ನಂಗ ಆಗ್ಯಾಳ" ಎನ್ನುವನು. ಆ ಮಗಳು ಅಲ್ಲೇ ಪಕ್ಕದಲ್ಲಿ ಚಹಾ ಹಿಡಿದು ನಿಂತಿರುತ್ತಿದ್ದಳು. ಗೋಡೆಯ ಮೇಲಿನ ಅವಳ ಮುಖವನ್ನೇ ನೋಡುತ್ತ ಅವನು ಅವಳನ್ನು ಬಿಟ್ಟು ಮಾತಾಡುತ್ತಿದ್ದ. ಮೊದಮೊದಲು ಅವಳಿಗೆ ಕೇಳಲು ಆಸೆಯಾಗುತ್ತಿತ್ತು. ಆಮೇಲಾಮೇಲೆ ಹೆದರಿಕೆಯಾಗತೊಡಗಿತು. ಸ್ಟುಡಿಯೋದ ಕನ್ನಡಿಯಲ್ಲಿ ಜಡೆ ಹಾಕಿಕೊಳ್ಳುವಾಗ ತನ್ನ ಕಣ್ಣು ಕೊಂಚ ಮಸುಕಾಗಿಯೇ ಕಾಣುತ್ತಿತ್ತು.

ಒಂದು ದಿನ ದ್ಯಾಮಕ್ಕ ರೊಟ್ಟಿ ಬಡಿಯುತ್ತ ಕೂತಿದ್ದಳು. ಕೀರ್ತನಾ ಹಳೇ ರೂಢಿಯಂತೆ ಕೇಳಿದಳು: "ಅತ್ತಿ, ಅವ್ವ ಹೆಂಗಿದ್ಲು?"

"ಅಲ್ಲೈತಲ್ಲ ಗ್ವಾಡಿ ಮ್ಯಾಲ, ನೋಡು."

"ಅತ್ತೀ! ಅದು ನಾನು. ಅವ್ವನ ಉಬ್ಬಹಲ್ಲು?"

ದ್ಯಾಮಕ್ಕನ ಕೈ ರೊಟ್ಟಿಯ ಮೇಲೆ ನಿಂತಿತು. "ಹಲ್ಲು... ಉಬ್ಬು ಇತ್ತೇನ? ಇತ್ತಂತ ಕಾಣ್ತೈತಿ" ಎಂದಳು. ಮುಖ ಗಾಬರಿಯಾಗಿತ್ತು. "ಯವ್ವಾ, ಕಣ್ಣು ಮುಚ್ಚಿದ್ರ ಗ್ವಾಡಿ ಮ್ಯಾಲಿಂದ ಬರ್ತೈತಲ್ಲೇ! ಮದ್ಲಿಂದು ಬರವಲ್ದು."

ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು. ಅವ್ವ ಇದ್ದದ್ದೇ ಈ ಎರಡು ತಲೆಗಳಲ್ಲಿ. ಅಲ್ಲಿಂದಲೂ ಅವಳನ್ನು ಹೊರಹಾಕಿ ಕೀರ್ತನಾ ತಾನೇ ಹೋಗಿ ಕೂತುಬಿಟ್ಟಿದ್ದಳು. ಮಣ್ಣು ಮಾಡಿದವಳನ್ನು ಇನ್ನೊಮ್ಮೆ ಮಣ್ಣು ಮಾಡಿದಂತಾಯಿತು, ಅದೂ ಹೆತ್ತ ಮಗಳ ಕೈಯಿಂದ. ಅಂದು ಅವಳು ಹಿತ್ತಲಿಗೆ ಹೋಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅಳುವುದರಿಂದ ಫೋಟೊ ಬರುವುದಿಲ್ಲ. ಹುಡುಕಬೇಕು. ಅವ್ವನ ತವರು ಹಡಗಲಿ ತಾಲ್ಲೂಕಿನ ಹೊಳಲು. ಮಗಳು ಸತ್ತ ಮೇಲೆ ತವರಿನವರು ಹೊಲ ಮಾರಿ ಎಲ್ಲೋ ದುಡಿಯಲು ಹೋದವರು ತಿರುಗಿ ಬಂದಿರಲಿಲ್ಲ. ಹೋಗಿ ಬರುವ ಸಂಬಂಧವೇ ಹರಿದಿತ್ತು. ಮುಂದಿನ ಹಬ್ಬ ಹತ್ತಿರ ಬರುತ್ತಿದ್ದಂತೆ ಹಿರೇಹಡಗಲಿಯಲ್ಲೊಂದು ಸೀಮಂತದ ಆರ್ಡರ್ ಬಂತು. ಕೆಲಸ ಮುಗಿಸಿ ಸಾಮಾನಿನ ಚೀಲದೊಂದಿಗೇ ಹೊಳಲಿನ ಬಸ್ಸು ಹತ್ತಿದಳು. ಊರಲ್ಲಿ ಅವರಿವರನ್ನು ಕೇಳುತ್ತ ಹೋದಾಗ ಮೈಲಮ್ಮ ಎಂಬವಳ ಮನೆ ತೋರಿಸಿದರು. ಕೊಟ್ರಬಸಮ್ಮನ ಗೆಳತಿಯಂತೆ.

ಮೈಲಮ್ಮ ಹೆಸರು ಕೇಳಿದ್ದೇ ತಡ, "ಕೊಟ್ರಿ ಮಗಳೇನವ್ವ ನೀನು!" ಎಂದು ಅಪ್ಪಿಕೊಂಡು ಒಳಗೆ ಕರೆದೊಯ್ದಳು. ಗೋಡೆಯ ಮೇಲೆ ದೇವರ ಪಟಗಳ ಸಾಲಿನ ಕೊನೆಗೆ ಕಟ್ಟು ಹಾಕಿದ ಒಂದು ಚಿಕ್ಕ ಫೋಟೊ. "ಹಡಗ್ಲ್ಯಾಗ ಸ್ಟುಡಿಯೋದಾಗ ತೆಗಿಸಿದ್ದು. ನಮ್ಮ ಮದುವೀಗೂ ಮದ್ಲು, ಮನ್ಯಾಗ ಹೇಳದಂಗ ಹೋಗಿದ್ವಿ" ಎಂದು ನಕ್ಕಳು. "ಎಡಕ್ಕಿರಾಕಿ ನಾನು. ಬಲಕ್ಕ ನಿಮ್ಮವ್ವ."

ಚಿತ್ರ ಗಾಜಿಗೆ ಅಂಟಿಕೊಂಡುಬಿಟ್ಟಿತ್ತು. ಬಿಡಿಸಿದರೆ ಹರಿಯುತ್ತದೆ, ಎದುರಿಗೆ ಫ್ಲ್ಯಾಶ್ ಹೊಡೆದರೆ ಗಾಜು ಮಿಂಚಿ ಏನೂ ಕಾಣದು. ಕೀರ್ತನಾ ಕಟ್ಟನ್ನು ಕಿಟಕಿಯ ಹತ್ತಿರ ಒರಗಿಸಿ, ಫ್ಲ್ಯಾಶನ್ನು ದೂರ ಒಂದು ಪಕ್ಕಕ್ಕೆ ಓರೆಯಾಗಿ ಇಟ್ಟಳು. ಬೆಳಕು ಗಾಜಿನ ಮೇಲೆ ಜಾರಿ ಆಚೆ ಹೋಗಬೇಕು, ಲೆನ್ಸಿಗೆ ಬರಬಾರದು. ಬಗ್ಗಿ, ಲೆನ್ಸಿನ ಉಂಗುರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುವಿದಳು. ಮಂಜಿನೊಳಗಿಂದ ಒಂದು ಮುಖ ಬಂತು. ನಗು ತಡೆಯಲಾಗದೆ, ಸೆರಗು ಬಾಯಿಗೆ ತರುವಷ್ಟರಲ್ಲೇ ಸಿಕ್ಕಿಬಿದ್ದ ಹುಡುಗಿ. ಉಬ್ಬಿದ ಹಲ್ಲು. ಚಪ್ಪಟೆ ಮೂಗು, ದುಂಡು ಗಲ್ಲ.

ಕೀರ್ತನಾ ನೋಡಿದಳು, ನೋಡಿಯೇ ನೋಡಿದಳು. ಅವ್ವ ಎಷ್ಟು ಚಿಕ್ಕವಳು! ತನಗಿಂತ ಚಿಕ್ಕವಳು. ಆದರೆ ಆ ಮುಖದಲ್ಲಿ ತನ್ನದೆನ್ನುವುದು ಏನೂ ಇರಲಿಲ್ಲ.

"ದೊಡ್ಡವ್ವ, ನಾ ಅವ್ವನಂಗ ಅದೀನಿ ಅಂತಾರ ಎಲ್ಲಾರು."

"ನೀನಾ? ಇಲ್ಲವ್ವ. ನೀ ಪೂರಾ ನಿಮ್ಮಪ್ಪನ ಮಾರಿ."

"ಮತ್ತ ಊರ ಮಂದಿ ಯಾಕ ಹಂಗಂದ್ರು?"

ಮೈಲಮ್ಮ ಅವಳ ಗಲ್ಲ ಹಿಡಿದಳು. "ತಾಯಿಲ್ಲದ ಕೂಸಿಗೆ ಇನ್ನೇನ ಹೇಳ್ತಾರ ನನ್ನವ್ವ?"

ಹಬ್ಬದ ದಿನ ಕೀರ್ತನಾ ಹೊಸ ಫೋಟೊಕ್ಕೆ ಕಟ್ಟು ಹಾಕಿಸಿಕೊಂಡು ಮನೆಗೆ ಬಂದಳು. ಬರಿ ಅವ್ವನ ಮುಖವನ್ನೇ ದೊಡ್ಡದು ಮಾಡಿಸಿದ್ದಳು. ದ್ಯಾಮಕ್ಕ ನೋಡಿ ಬಾಯಿಗೆ ಕೈಯಿಟ್ಟುಕೊಂಡಳು, ಹಲ್ಲಿನ ಮೇಲೆ ಬೆರಳಾಡಿಸಿ, "ಆಕಿನ ಇರಬೇಕವ್ವ. ಆಕಿನ. ಆದ್ರೂ ಯಾರೋ ಪರ ಊರಾಕಿನ್ನ ನೋಡಿದಂಗ ಆಗ್ತೈತಿ" ಎಂದು ಅತ್ತಳು. ಅಪ್ಪ ಮಿಂದು ಹೊಸ ಧೋತರ ಉಟ್ಟು ಬಂದ. ಕೀರ್ತನಾ ಫೋಟೊವನ್ನು ಅವನ ಕೈಗೆ ಕೊಟ್ಟಳು.

ಪಾಲಾಕ್ಷಪ್ಪ ಬಾಗಿಲ ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ಹಿಡಿದು ನೋಡಿದ. "ಯಾರವ್ವ ಈ ಹುಡುಗಿ? ನಗೋದ ನೋಡು, ಚಂದ ನಗ್ತಾಳ" ಎಂದ.

"ಅವ್ವ."

"ಯಾರ ಅವ್ವ?"

"ನಮ್ಮವ್ವ. ನಿನ್ನ ಕೊಟ್ರಿ. ಹೊಳಲಿಂದ ತಂದೀನಿ. ಆ ಗ್ವಾಡಿ ಮ್ಯಾಲಿರಾಕಿ ನಾನು ಅಪ್ಪಾ! ನಾನಽ ಸೀರಿ ಉಟ್ಟು ತೆಗಕೊಂಡಿದ್ದು. ತಪ್ಪಾತು, ಅವತ್ತ ಹೇಳ್ಲಿಲ್ಲ." ಅವಳು ಅಳುತ್ತ ಅವನ ಕಾಲು ಹಿಡಿದಳು.

ಅವನು ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಗೋಡೆ ನೋಡಿದ, ಮಗಳನ್ನು ನೋಡಿದ, ಮತ್ತೆ ಗೋಡೆ ನೋಡಿದ. ಅವಳ ತಲೆ ಸವರಿ, "ಹುಚ್ಚಿ, ನಿನ್ನ ಮಾರಿ ನನಗ ಗೊತ್ತಿಲ್ಲೇನು? ಹೆಂಡ್ತಿ ಮಾರಿ ಮರೆಯೋವಷ್ಟು ಮುದುಕ ಆಗಿಲ್ಲ ಇನ್ನೂ" ಎಂದು ನಕ್ಕ. ಕೀರ್ತನಾ ಅತ್ತೆಯ ಕಡೆ ನೋಡಿದಳು. ದ್ಯಾಮಕ್ಕ ತಲೆ ತಗ್ಗಿಸಿದಳು.

ಗೋಡೆಯ ಫೋಟೊ ಕೆಳಗಿಳಿದು ಮಣೆಯ ಮೇಲೆ ಕೂತಿತು. ಅದಕ್ಕೆ ಹೊಸ ಸೀರೆ, ಮಲ್ಲಿಗೆ ಹಾರ, ಬಾಳೆಲೆಯ ತುಂಬ ಎಡೆ. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಹಾಗಾಗಿ ಅಪ್ಪ ಬಾಗಿಲೆಳೆದುಕೊಂಡು ಬಂದ, ಮೂವರೂ ಹೊರಗೆ ಕಟ್ಟೆಯ ಮೇಲೆ ಕೂತರು. ಕೀರ್ತನಾಳ ತೊಡೆಯ ಮೇಲೆ ಅವ್ವ ಇದ್ದಳು. ಒಳಗೆ ತನ್ನ ಫೋಟೊದ ಮುಂದೆ ಎಡೆಯಿದೆ, ಅವ್ವ ಬಾಗಿಲ ಹೊರಗೆ ಕೂತಿದ್ದಾಳೆ.

ಪಾಲಾಕ್ಷಪ್ಪ ಮಗಳ ತೊಡೆಯ ಮೇಲಿನ ಫೋಟೊ ನೋಡಿ, "ಯಾರ ಮನಿ ಹಿರೇರೋ ಏನೋ, ಹಬ್ಬದ ದಿನ ನಮ್ಮ ಬಾಗ್ಲಿಗೆ ಬಂದು ಕುಂತಾರ. ಉಪವಾಸ ಕಳಸಬಾರದು" ಎಂದು ಎದ್ದ. ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋಗಿ ಒಂದು ಎಲೆಯಲ್ಲಿ ಹೋಳಿಗೆ ಇಟ್ಟು, ತುಪ್ಪ ಹಾಕಿಕೊಂಡು ಬಂದ. ಫೋಟೊದ ಮುಂದೆ ಎಲೆಯಿಟ್ಟು, ಪರ ಊರಿನ ಹೆಣ್ಣುಮಗಳ ಮುಂದೆ ನಿಂತಂತೆ ಒಂದು ಹೆಜ್ಜೆ ಹಿಂದೆ ಸರಿದು, ಕೈ ಮುಗಿದ.

"ಉಣ್ರಿ ತಾಯಿ, ನಾಚ್ಕೋಬ್ಯಾಡ್ರಿ" ಎಂದ.